ದ್ರಾಕ್ಷಿತೋಟದ ಎತ್ತರ, ಹವಾಗುಣ ಮತ್ತು ಕೆಂಪು ವೈನ್: ಮೆಂಡೋಜಾದ ಮಾಲ್ಬೆಕ್

ದ್ರಾಕ್ಷಿತೋಟದ ಎತ್ತರ: ಬಳ್ಳಿ ಬೆಳೆಯುವ ನೆಲ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂಬ ಅಳತೆ. ತೋಟದ ಉಷ್ಣಾಂಶ, ಬಿಸಿಲಿನ ತೀಕ್ಷ್ಣತೆ, ಗಾಳಿ ಮತ್ತು ನೀರಿನ ಸ್ಥಿತಿಯನ್ನು ಬದಲಿಸುವ ಮೂಲಕ ಈ ಎತ್ತರ ಕೆಂಪು ವೈನಿನ ಬಣ್ಣ, ಒಗರು, ಹುಳಿ, ಪರಿಮಳ ಮತ್ತು ಮದ್ಯಾಂಶವನ್ನು ರೂಪಿಸುತ್ತದೆ. ಎತ್ತರಕ್ಕೆ ತನ್ನದೇ ಆದ ರುಚಿಯಿಲ್ಲ. ಒಂದೇ ಎತ್ತರ ಬೇರೆ ಬೇರೆ ಅಕ್ಷಾಂಶಗಳಲ್ಲಿ ಬೇರೆ ಬೇರೆ ಹವೆಯನ್ನು ಕೊಡುತ್ತದೆ. ಈ ಸಂಬಂಧವನ್ನು ತಿಳಿಯಲು ಅರ್ಜೆಂಟೀನಾದ ಮೆಂಡೋಜಾ ಪ್ರಾಂತ್ಯದಷ್ಟು ಸ್ಪಷ್ಟವಾದ ಉದಾಹರಣೆ ಅಪರೂಪ. ಅಲ್ಲಿ ಮಾಲ್ಬೆಕ್ ಎಂಬ ಒಂದೇ ತಳಿ, ಆಂಡೀಸ್ ಪರ್ವತದ ಒಂದೇ ತಪ್ಪಲಿನಲ್ಲಿ, ಸುಮಾರು 600 ಮೀಟರ್‌ನಿಂದ 1,500 ಮೀಟರ್ ದಾಟುವವರೆಗೂ ಬೆಳೆಯುತ್ತದೆ. ತಳಿಯೂ ಪರ್ವತವೂ ಒಂದೇ ಆಗಿರುವುದರಿಂದ ಎತ್ತರದ ಪಾಲು ಎಷ್ಟೆಂಬುದು ಅಲ್ಲಿ ಬೇರೆಡೆಗಿಂತ ಸುಲಭವಾಗಿ ಕಾಣುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ‘ಒಗರು’ ಎಂದರೆ ಸಿಪ್ಪೆ ಮತ್ತು ಬೀಜಗಳಲ್ಲಿರುವ ಟ್ಯಾನಿನ್ ನಾಲಿಗೆ, ವಸಡುಗಳನ್ನು ಬಿಗಿಯುವ ಅನುಭವ. ಎಳೆಯ ಅಡಕೆ ಜಗಿದಾಗ ಬಾಯಿಗೆ ಬರುವುದೂ ಇದೇ ಗುಣ. ‘ಹುಳಿ’ ಎಂದರೆ ಮುಖ್ಯವಾಗಿ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಆಮ್ಲಗಳ ರುಚಿ. ‘ಮೈ’ ಎಂದರೆ ವೈನ್ ಬಾಯಲ್ಲಿ ತೆಳುವಾಗಿ ಹರಿಯುತ್ತದೆಯೋ ತುಂಬಿಕೊಂಡಂತೆ ತೋರುತ್ತದೆಯೋ ಎಂಬ ಸ್ಪರ್ಶ. ಕೆಂಪು ವೈನಿನ ಬಣ್ಣ ಬರುವುದು ಸಿಪ್ಪೆಯ ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ. ಬಹುತೇಕ ಕಪ್ಪು ದ್ರಾಕ್ಷಿಗಳ ತಿರುಳಿಗೆ ಬಣ್ಣವಿರುವುದಿಲ್ಲ. ಆದ್ದರಿಂದ ಕೆಂಪು ವೈನಿನ ವಿಚಾರದಲ್ಲಿ ಎತ್ತರದ ಕಥೆ ಬಹುಪಾಲು ಸಿಪ್ಪೆಯ ಕಥೆಯೇ.

ತಳಿಯ ಮೂಲ ಮತ್ತು ಪ್ರಸಾರ

ಮಾಲ್ಬೆಕ್ ನೈಋತ್ಯ ಫ್ರಾನ್ಸಿನ ತಳಿ. ಅಲ್ಲಿ ಇದನ್ನು ಕಾಟ್ ಎಂದೂ ಕರೆಯುತ್ತಾರೆ. ಪ್ರೂನೆಲಾರ್ ಮತ್ತು ಮ್ಯಾಗ್ಡೆಲೀನ್ ನ್ವಾರ್ ದೆ ಶಾರಾಂತ್ ಎಂಬ ಎರಡು ಹಳೆಯ ತಳಿಗಳ ಸಹಜ ಮಿಶ್ರಣದಿಂದ ಇದು ಹುಟ್ಟಿತೆಂದು ವಂಶವಾಹಿ ಪರೀಕ್ಷೆಗಳು ತೋರಿಸಿವೆ. ಮೆರ್ಲೋ ತಳಿಯ ತಾಯಿಯೂ ಈ ಎರಡನೆಯದೇ. ಲಾಟ್ ನದಿಯ ದಂಡೆಯ ಕಾಹೋರ್ ಇದರ ತವರು. ಅಲ್ಲಿನ ಗಾಢ ವೈನಿಗೆ ‘ಕಪ್ಪು ವೈನ್’ ಎಂಬ ಹೆಸರೇ ಇತ್ತು. ತಂಪು, ತೇವದ ವಸಂತದಲ್ಲಿ ಮಾಲ್ಬೆಕ್‌ನ ಹೂವು ಕಾಯಿಗಟ್ಟದೆ ಉದುರುತ್ತದೆ, ಚಿಗುರು ಹಿಮಕ್ಕೆ ಬೇಗ ಬಲಿಯಾಗುತ್ತದೆ. 1956ರ ಫೆಬ್ರವರಿಯ ಕಡುಚಳಿ ಕಾಹೋರ್‌ನ ಬಹುಪಾಲು ಬಳ್ಳಿಗಳನ್ನು ಕೊಂದಿತು. ಮತ್ತೆ ನೆಟ್ಟು ಬೆಳೆಸಿದ ಮೇಲೆ 1971ರಲ್ಲಿ ಕಾಹೋರ್‌ಗೆ ಫ್ರಾನ್ಸಿನ ನಿಯಂತ್ರಿತ ಪ್ರದೇಶನಾಮದ ಮಾನ್ಯತೆ ದೊರೆಯಿತು.

ಅರ್ಜೆಂಟೀನಾಕ್ಕೆ ಈ ತಳಿ 1853ರಲ್ಲಿ ಬಂತು. ರಾಜಕಾರಣಿ ಡೊಮಿಂಗೊ ಫಾಸ್ಟಿನೊ ಸಾರ್ಮಿಯೆಂಟೊ ಅವರ ಒತ್ತಾಸೆಯಿಂದ ಮೆಂಡೋಜಾದಲ್ಲಿ ಸ್ಥಾಪನೆಯಾದ ಕೃಷಿ ಸಸ್ಯಕ್ಷೇತ್ರದ ಹೊಣೆ ಹೊತ್ತ ಫ್ರೆಂಚ್ ಕೃಷಿತಜ್ಞ ಮಿಶೆಲ್ ಎಮೆ ಪುಜೆ, ಇತರ ಫ್ರೆಂಚ್ ತಳಿಗಳೊಂದಿಗೆ ಮಾಲ್ಬೆಕ್ ಕಡ್ಡಿಗಳನ್ನೂ ತಂದರು. ಆ ಕ್ಷೇತ್ರದ ಸ್ಥಾಪನೆಗೆ ಮಸೂದೆ ಮಂಡನೆಯಾದ ಏಪ್ರಿಲ್ 17ನ್ನು ಈಗ ವಿಶ್ವ ಮಾಲ್ಬೆಕ್ ದಿನವೆಂದು ಆಚರಿಸುತ್ತಾರೆ. 1885ರಲ್ಲಿ ಬ್ಯೂನಸ್ ಐರಿಸ್‌ನಿಂದ ರೈಲುಮಾರ್ಗ ಮೆಂಡೋಜಾ ಮುಟ್ಟಿದಾಗ ವೈನಿಗೆ ದೊಡ್ಡ ಮಾರುಕಟ್ಟೆ ತೆರೆಯಿತು. ಇಟಲಿ, ಸ್ಪೇನ್‌ಗಳಿಂದ ವಲಸೆ ಬಂದ ಕುಟುಂಬಗಳು ತೋಟಗಳನ್ನು ಹಬ್ಬಿಸಿದವು.

ಒಂದು ಶತಮಾನದ ಕಾಲ ತೋಟಗಳು ವಿಸ್ತರಿಸಿದ್ದು ಕಾಲುವೆಯ ನೀರು ಸುಲಭವಾಗಿ ಹರಿಯುವ ತಗ್ಗಿನ ಕಡೆಗೆ. 1970ರ ಸುಮಾರಿಗೆ ಅರ್ಜೆಂಟೀನಾದಲ್ಲಿ ತಲಾ ವೈನ್ ಬಳಕೆ ವರ್ಷಕ್ಕೆ 90 ಲೀಟರ್‌ನ ಆಸುಪಾಸಿನಲ್ಲಿತ್ತು. ಬೇಡಿಕೆಯಿದ್ದದ್ದು ಅಗ್ಗದ ವೈನಿಗೆ. ಮುಂದಿನ ಎರಡು ದಶಕಗಳಲ್ಲಿ ಬಳಕೆ ಕುಸಿದಾಗ ಮಾಲ್ಬೆಕ್ ಬಳ್ಳಿಗಳನ್ನು ಭಾರಿ ಪ್ರಮಾಣದಲ್ಲಿ ಕಿತ್ತುಹಾಕಲಾಯಿತು. 1960ರ ದಶಕದಲ್ಲಿ ಸುಮಾರು 50,000 ಹೆಕ್ಟೇರ್ ಇದ್ದ ಬೆಳೆ 1990ರ ದಶಕದ ಹೊತ್ತಿಗೆ ಅದರ ಐದನೇ ಒಂದು ಭಾಗಕ್ಕೆ ಇಳಿದಿತ್ತು.

ದಿಕ್ಕು ತಿರುಗಿದ್ದು ಎತ್ತರದತ್ತ. ವೈನ್ ತಯಾರಕ ನಿಕೊಲಾಸ್ ಕಟೇನಾ ಜಪಾಟಾ 1992ರಲ್ಲಿ ತುಪುಂಗಾಟೊ ಸಮೀಪದ ಗ್ವಾಲ್ಟಾಯಾರಿಯಲ್ಲಿ, ಸುಮಾರು 1,450 ಮೀಟರ್ ಎತ್ತರದಲ್ಲಿ, ಆಡ್ರಿಯಾನಾ ಎಂಬ ತೋಟ ಹಾಕಿಸಿದರು. ಅಷ್ಟು ತಂಪಿನಲ್ಲಿ ಕೆಂಪು ದ್ರಾಕ್ಷಿ ಮಾಗುವುದಿಲ್ಲವೆಂಬುದು ಆಗಿನ ಸಾಮಾನ್ಯ ನಂಬಿಕೆ. ಹಣ್ಣು ಮಾಗಿತು. ಮುಂದೆ ಗ್ವಾಲ್ಟಾಯಾರಿಯನ್ನು ಒಳಗೊಂಡ ಊಕೊ ಕಣಿವೆಯ ಮೇಲಿನ ಬಯಲುಗಳಲ್ಲಿ ತೋಟಗಳು ಹಬ್ಬಿದವು.

ಭೂರಚನೆ, ಹವಾಗುಣ ಮತ್ತು ನೀರು

ಮೆಂಡೋಜಾ ಸುಮಾರು 33 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಪೆಸಿಫಿಕ್ ಸಾಗರದಿಂದ ಬರುವ ತೇವದ ಬಹುಪಾಲು ಆಂಡೀಸ್‌ನ ಚಿಲಿ ಬದಿಯಲ್ಲಿ ಮಳೆಯಾಗಿ, ಹಿಮವಾಗಿ ಸುರಿದುಹೋಗುತ್ತದೆ. ಪೂರ್ವದ ಬದಿ ಮಳೆಯ ನೆರಳಿನ ಪ್ರದೇಶ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿ.ಮೀ. ಅಷ್ಟರಿಂದ ಬಳ್ಳಿ ಬದುಕದು. ಇಲ್ಲಿನ ಬೇಸಾಯ ನಿಂತಿರುವುದು ಆಂಡೀಸ್‌ನ ಹಿಮ ಕರಗಿ ಮೆಂಡೋಜಾ, ತುನುಯಾನ್, ದಿಯಾಮಾಂತೆ, ಅತುಯೆಲ್ ನದಿಗಳಲ್ಲಿ ಹರಿದು ಬರುವ ನೀರಿನ ಮೇಲೆ. ಸ್ಪೇನಿನವರು ಬರುವ ಮೊದಲೇ ಹುವಾರ್ಪೆ ಜನ ಈ ನೀರನ್ನು ಕಾಲುವೆಗಳಲ್ಲಿ ತಿರುಗಿಸಿ ಬೆಳೆ ತೆಗೆಯುತ್ತಿದ್ದರು. ಅಸೇಕಿಯಾ ಎಂಬ ಆ ಸಣ್ಣ ಕಾಲುವೆಗಳು ಮೆಂಡೋಜಾ ನಗರದ ಬೀದಿಬದಿಯಲ್ಲಿ ಇಂದಿಗೂ ಹರಿಯುತ್ತವೆ. ಪ್ರಾಂತ್ಯದ 1884ರ ಜಲ ಕಾನೂನು ನೀರಿನ ಹಕ್ಕನ್ನು ಜಮೀನಿಗೇ ಕಟ್ಟಿಹಾಕಿತು. ಜಮೀನಿನಿಂದ ಬೇರ್ಪಡಿಸಿ ಆ ಹಕ್ಕನ್ನು ಮಾರುವಂತಿಲ್ಲ.

ಒಣ ಹವೆಯಿಂದ ಬೂಷ್ಟು ರೋಗಗಳು ಕಡಿಮೆ, ಔಷಧಿ ಸಿಂಪಡಣೆಯೂ ಕಡಿಮೆ. ಕಾಹೋರ್‌ನಲ್ಲಿ ತಳಿಯನ್ನು ಕಾಡುವ ಹೂವುದುರುವಿಕೆ ಇಲ್ಲಿ ಅಷ್ಟಾಗಿಲ್ಲ. ಅಪಾಯಗಳು ಬೇರೆ ಬಗೆಯವು. ಬೇಸಿಗೆಯ ಗುಡುಗುಮೋಡಗಳಿಂದ ಬೀಳುವ ಆಲಿಕಲ್ಲು ಕೆಲವೇ ನಿಮಿಷಗಳಲ್ಲಿ ಇಡೀ ತೋಟದ ಬೆಳೆಯನ್ನು ಉದುರಿಸಬಲ್ಲದು. ಆದ್ದರಿಂದಲೇ ಸಾಲುಗಳ ಮೇಲೆ ಬಲೆ ಹೊದಿಸಿದ ನೋಟ ಇಲ್ಲಿ ಸಾಮಾನ್ಯ. ಪರ್ವತದಿಂದ ಇಳಿಯುವ ಝೋಂಡಾ ಎಂಬ ಒಣ ಬಿಸಿಗಾಳಿ ವಸಂತದಲ್ಲಿ ಬೀಸಿದರೆ ಹೂವನ್ನು ಕೆಡಿಸುತ್ತದೆ. ಚಿಗುರೊಡೆದ ಮೇಲೆ ರಾತ್ರಿಯ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿಳಿದರೆ ಎಳೆಯ ಚಿಗುರು ಕರಕಲಾಗುತ್ತದೆ. ಎತ್ತರದ ತೋಟಗಳಲ್ಲಿ ಈ ಭಯ ಹೆಚ್ಚು. ಆದರೆ ತಣ್ಣನೆಯ ಗಾಳಿ ಭಾರವಾಗಿರುವುದರಿಂದ ಇಳಿಜಾರಿನಲ್ಲಿ ನೀರಿನಂತೆ ಜಾರಿ ತಗ್ಗುಗಳಲ್ಲಿ ನಿಲ್ಲುತ್ತದೆ. ಹೀಗಾಗಿ ಒಂದೇ ಎತ್ತರದ ಎರಡು ತೋಟಗಳಲ್ಲಿ ಇಳಿಜಾರಿನದು ಉಳಿದು ತಗ್ಗಿನದು ಸುಟ್ಟುಹೋಗುವುದುಂಟು.

ಮಣ್ಣು ನದಿಗಳು ತಂದು ಸುರಿದ ಮೆಕ್ಕಲು. ಪರ್ವತಕ್ಕೆ ಹತ್ತಿರವಾದಷ್ಟೂ ದಪ್ಪ ಉರುಟುಗಲ್ಲು ಹೆಚ್ಚು, ದೂರ ಸರಿದಷ್ಟೂ ನಯವಾದ ಹೂಳು ಹೆಚ್ಚು. ಊಕೊ ಕಣಿವೆಯ ಪರಾಹೆ ಆಲ್ಟಮೀರಾ, ಗ್ವಾಲ್ಟಾಯಾರಿಗಳಲ್ಲಿ ಕಲ್ಲುಗಳ ಮೇಲೆ ಸುಣ್ಣದ ಬಿಳಿ ಪದರ ಅಂಟಿರುತ್ತದೆ. ಇಂಥ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಬಳ್ಳಿಯ ಬೆಳವಣಿಗೆ ಮಿತವಾಗಿ, ಹಣ್ಣು ಸಣ್ಣದಾಗಿ ಉಳಿಯುತ್ತದೆ. ಹೀಗೆ ಮೆಂಡೋಜಾದಲ್ಲಿ ಮೇಲೇರಿದಂತೆ ಹವೆಯ ಜೊತೆಗೆ ಮಣ್ಣೂ ಬದಲಾಗುತ್ತದೆ. ವೈನಿನಲ್ಲಿ ಕಾಣುವ ಎಲ್ಲ ವ್ಯತ್ಯಾಸವನ್ನೂ ಎತ್ತರದ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ.

ಎತ್ತರ ಹಣ್ಣಿನ ಮೇಲೆ ಕೆಲಸ ಮಾಡುವ ಬಗೆ

ಉಷ್ಣಾಂಶ: ಪ್ರತಿ 100 ಮೀಟರ್ ಮೇಲೇರಿದಂತೆ ಸರಾಸರಿ ಉಷ್ಣಾಂಶ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 650 ಮೀಟರ್‌ನ ಬಯಲಿಗೂ 1,450 ಮೀಟರ್‌ನ ತೋಟಕ್ಕೂ ಈ ಲೆಕ್ಕದಲ್ಲಿ ಐದು ಡಿಗ್ರಿಗಳಷ್ಟು ಅಂತರ. ದ್ರಾಕ್ಷಿಗೆ ಇದು ಸಣ್ಣ ಅಂತರವಲ್ಲ. ಮೇನಾರ್ಡ್ ಅಮೆರೀನ್ ಮತ್ತು ಆಲ್ಬರ್ಟ್ ವಿಂಕ್ಲರ್ 1944ರಲ್ಲಿ ಕ್ಯಾಲಿಫೋರ್ನಿಯಾಕ್ಕಾಗಿ ರೂಪಿಸಿದ ಮಾಪನದಲ್ಲಿ, ಬೆಳೆಯ ಏಳು ತಿಂಗಳುಗಳಲ್ಲಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಶಾಖವನ್ನು ದಿನದಿನವೂ ಕೂಡಿಸಿ ಪ್ರದೇಶಗಳನ್ನು ಐದು ವರ್ಗಗಳಾಗಿ ವಿಂಗಡಿಸುತ್ತಾರೆ. ಮೊತ್ತ 1,390ಕ್ಕಿಂತ ಕಡಿಮೆಯಾದರೆ ಅತಿ ತಂಪಿನ ಮೊದಲನೇ ವರ್ಗ, 2,220ಕ್ಕಿಂತ ಹೆಚ್ಚಾದರೆ ಅತಿ ಬಿಸಿಯ ಐದನೇ ವರ್ಗ. ಮೆಂಡೋಜಾದ ಪೂರ್ವ ಬಯಲು ಬಿಸಿಯ ಕೊನೆಯ ವರ್ಗಗಳಿಗೆ ಸೇರಿದರೆ ಗ್ವಾಲ್ಟಾಯಾರಿಯ ಎತ್ತರದ ಭಾಗಗಳು ಮೊದಲ ಎರಡು ವರ್ಗಗಳಿಗೆ ಸೇರುತ್ತವೆ. ಎರಡರ ನಡುವಿನ ದಾರಿ ಕಾರಿನಲ್ಲಿ ಕೆಲವೇ ಗಂಟೆಗಳದು.

ಹಗಲು ರಾತ್ರಿಯ ಅಂತರ: ಒಣ, ತಿಳಿ ಆಕಾಶದ ಎತ್ತರದ ನೆಲ ಹಗಲಿನ ಶಾಖವನ್ನು ರಾತ್ರಿ ಬೇಗ ಬಿಟ್ಟುಕೊಡುತ್ತದೆ. ಮೆಂಡೋಜಾದ ಮೇಲಿನ ತೋಟಗಳಲ್ಲಿ ಹಗಲು ರಾತ್ರಿಗಳ ನಡುವೆ 15 ಡಿಗ್ರಿಗೂ ಮೀರಿದ ವ್ಯತ್ಯಾಸ ಸಾಮಾನ್ಯ. ಹಣ್ಣು ಬಣ್ಣಕ್ಕೆ ತಿರುಗಿದ ಮೇಲೆ ಉಸಿರಾಟದಲ್ಲಿ ತನ್ನ ಮ್ಯಾಲಿಕ್ ಆಮ್ಲವನ್ನು ಖರ್ಚು ಮಾಡುತ್ತದೆ. ಶಾಖ ಹೆಚ್ಚಿದಷ್ಟೂ ಖರ್ಚು ಹೆಚ್ಚು. ರಾತ್ರಿ ತಣ್ಣಗಿದ್ದರೆ ಹುಳಿ ಉಳಿಯುತ್ತದೆ. ಟಾರ್ಟಾರಿಕ್ ಆಮ್ಲ ಶಾಖಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ. ಹಾಗಾಗಿ ಬಿಸಿ ಮತ್ತು ತಂಪು ತೋಟಗಳ ಹುಳಿಯ ವ್ಯತ್ಯಾಸದಲ್ಲಿ ಮ್ಯಾಲಿಕ್‌ನ ಪಾಲೇ ದೊಡ್ಡದು.

ಬಣ್ಣ: ಆಂಥೋಸಯನಿನ್ ಹೆಚ್ಚು ತಯಾರಾಗುವುದು ಮಿತವಾದ ಉಷ್ಣಾಂಶದಲ್ಲಿ. ಹಣ್ಣಿನ ಶಾಖ 35 ಡಿಗ್ರಿ ಮುಟ್ಟಿದರೆ ಅದರ ತಯಾರಿಕೆ ಕುಗ್ಗುತ್ತದೆ, ಆಗಲೇ ಕೂಡಿದ್ದೂ ನಾಶವಾಗುತ್ತದೆ. ಬಿಸಿ ಬಯಲಿನಲ್ಲಿ ಸಕ್ಕರೆ ಮುಂದೋಡಿ ಬಣ್ಣ ಹಿಂದುಳಿಯುತ್ತದೆ. ಎತ್ತರದಲ್ಲಿ ಎರಡೂ ಜೊತೆಜೊತೆಯಾಗಿ ಸಾಗುತ್ತವೆ.

ಬಿಸಿಲು: ಪ್ರತಿ 1,000 ಮೀಟರ್‌ಗೆ ಅತಿನೇರಳೆ ಕಿರಣಗಳು 10ರಿಂದ 12 ಶೇಕಡಾ ಹೆಚ್ಚುತ್ತವೆ. ಗಾಳಿಯ ಪದರ ತೆಳುವಾಗುವುದೇ ಇದಕ್ಕೆ ಕಾರಣ. ಈ ಕಿರಣಗಳಿಂದ ಬೀಜವನ್ನು ಕಾಪಾಡಲು ಸಿಪ್ಪೆ ಫ್ಲೇವನಾಲ್ ಮುಂತಾದ ರಕ್ಷಕ ದ್ರವ್ಯಗಳನ್ನು ಕೂಡಿಸಿಕೊಳ್ಳುತ್ತದೆ. ಮೆಂಡೋಜಾದಲ್ಲಿ 1,500 ಮೀಟರ್ ಸಮೀಪದ ಮಾಲ್ಬೆಕ್ ತೋಟವೊಂದರಲ್ಲಿ ಸಂಶೋಧಕರು ಕೆಲವು ಸಾಲುಗಳಿಗೆ ಅತಿನೇರಳೆ-ಬಿ ಕಿರಣವನ್ನಷ್ಟೇ ತಡೆಯುವ ಪ್ಲಾಸ್ಟಿಕ್ ಹಾಳೆ ಹೊದಿಸಿ ನೋಡಿದಾಗ, ಅವುಗಳ ಸಿಪ್ಪೆಯಲ್ಲಿ ಈ ದ್ರವ್ಯಗಳು ಕಡಿಮೆಯಾಗಿದ್ದವು. ಬೆಳಕಿನ ಪಾತ್ರವನ್ನು ಉಷ್ಣಾಂಶದಿಂದ ಬೇರ್ಪಡಿಸಿ ತೋರಿಸಿದ್ದು ಈ ಪ್ರಯೋಗದ ಮಹತ್ವ.

ಪರಿಮಳ: ಕ್ಯಾಬರ್ನೆ ಸೋವಿನ್ಯೋನ್‌ನಂಥ ತಳಿಗಳಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಕೊಡುವ ಮೆಥಾಕ್ಸಿಪೈರಜೀನ್‌ಗಳು ತಂಪಿನಲ್ಲಿ ಹೆಚ್ಚು ಉಳಿಯುತ್ತವೆ, ಗೊಂಚಲಿನ ಮೇಲೆ ಬಿಸಿಲು ಬಿದ್ದರೆ ತಗ್ಗುತ್ತವೆ. ಶಿರಾಜ್‌ನಲ್ಲಿ ಕರಿಮೆಣಸಿನ ಘಮ ಕೊಡುವ ರೊಟಂಡೋನ್ ಕೂಡ ತಂಪು ತೋಟಗಳಲ್ಲಿ ಹೆಚ್ಚು. ಕರಿಮೆಣಸಿನಲ್ಲಿರುವುದೂ ಇದೇ ಸಂಯುಕ್ತ. ಮಾಲ್ಬೆಕ್‌ನಲ್ಲಿ ಎತ್ತರದ ಗುರುತೆಂದು ರುಚಿತಜ್ಞರು ಹೇಳುವುದು ನೇರಳೆ ಬಣ್ಣದ ವಯಲೆಟ್ ಹೂವಿನ ಪರಿಮಳವನ್ನು.

ಮದ್ಯಾಂಶ: ರಸದಲ್ಲಿ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಒಂದು ಶೇಕಡಾ ಮದ್ಯಾಂಶ ಬರುತ್ತದೆ. ತಂಪಿನಲ್ಲಿ ಸಕ್ಕರೆ ನಿಧಾನವಾಗಿ ಏರುವುದರಿಂದ ಬೆಳೆಗಾರನಿಗೆ ಕೊಯ್ಲಿನ ದಿನ ಆರಿಸಿಕೊಳ್ಳಲು ಬಿಡುವು ಸಿಗುತ್ತದೆ. ಆದರೂ ಎತ್ತರದ ವೈನ್ ಎಂದರೆ ಕಡಿಮೆ ಮದ್ಯದ ವೈನ್ ಎಂಬ ನಿಯಮವಿಲ್ಲ. ಒಣ ಬಿಸಿಲಿನಲ್ಲಿ ಗೊಂಚಲನ್ನು ಬಹುಕಾಲ ಬಿಟ್ಟರೆ ಅಲ್ಲಿಯೂ 14–15 ಶೇಕಡಾ ಮುಟ್ಟುತ್ತದೆ.

ಮೆಂಡೋಜಾದ ಮೂರು ಮಟ್ಟಗಳು

ಸಾನ್ ಮಾರ್ಟಿನ್, ಹುನಿನ್, ರಿವಾದಾವಿಯಾಗಳ ಪೂರ್ವ ಬಯಲು ಸುಮಾರು 600ರಿಂದ 700 ಮೀಟರ್ ಎತ್ತರದಲ್ಲಿದೆ. ಬಳ್ಳಿಗಳನ್ನು ಹೆಚ್ಚಾಗಿ ಚಪ್ಪರಕ್ಕೆ ಹಬ್ಬಿಸುತ್ತಾರೆ. ಇಳುವರಿ ಹೆಚ್ಚು. ವೈನ್ ಮೆತ್ತಗೆ, ಹುಳಿ ಕಡಿಮೆ, ಹಣ್ಣು ಬೇಯಿಸಿದ ಜಾಮಿನ ಛಾಯೆ, ಬೇಗ ಕುಡಿಯುವಂಥದು.

ನಗರದ ದಕ್ಷಿಣಕ್ಕಿರುವ ಲುಹಾನ್ ದೆ ಕೂಯೊ ಮತ್ತು ಮೈಪೂ ಮಧ್ಯದ ಮಟ್ಟ. ಲುಹಾನ್‌ನ ತೋಟಗಳು ಬಹುಪಾಲು 850ರಿಂದ 1,100 ಮೀಟರ್‌ನಲ್ಲಿವೆ. ವಿಸ್ತಾಲ್ಬಾ, ಲಾಸ್ ಕಂಪುಯೆರ್ತಾಸ್, ಅಗ್ರೆಲೊಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಬಳ್ಳಿಗಳು ಈಗಲೂ ಫಲ ಕೊಡುತ್ತಿವೆ. ಅವುಗಳಲ್ಲಿ ಹಲವು ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆ ನಿಂತಿವೆ. ಯುರೋಪಿನ ತೋಟಗಳನ್ನು ಅಳಿಸಿದ ಫಿಲಾಕ್ಸೆರಾ ಎಂಬ ಬೇರುಹೇನು ಇಲ್ಲಿ ಇದ್ದರೂ ಹಾನಿ ಮಿತವಾಗಿದೆ. ಮಾಲ್ಬೆಕ್ ಎಂದರೆ ಲೋಕಕ್ಕೆ ಪರಿಚಯವಾದದ್ದು ಈ ಮಟ್ಟದ ಶೈಲಿ: ಮಾಗಿದ ಪ್ಲಮ್ ಮತ್ತು ಕಪ್ಪು ಚೆರ್ರಿಯ ರುಚಿ, ತುಂಬಿದ ಮೈ, ಮಖಮಲ್ಲಿನಂಥ ಮೃದು ಒಗರು.

ಊಕೊ ಕಣಿವೆಯ ತುಪುಂಗಾಟೊ, ತುನುಯಾನ್, ಸಾನ್ ಕಾರ್ಲೋಸ್ ಜಿಲ್ಲೆಗಳು ಸುಮಾರು 900 ಮೀಟರ್‌ನಿಂದ 1,500 ಮೀಟರ್ ಮೀರಿ ಏರುತ್ತವೆ. ಬಯಲಿನಲ್ಲಿ ಕೊಯ್ಲು ಮುಗಿದು ವಾರಗಳು ಕಳೆದ ಮೇಲೆ, ಬಹುಪಾಲು ಏಪ್ರಿಲ್‌ನಲ್ಲಿ, ಇಲ್ಲಿ ಕೊಯ್ಲು. ವೈನಿನ ಬಣ್ಣ ನೇರಳೆ ಛಾಯೆಯ ಕಡುಕಪ್ಪು, ಹುಳಿ ಚುರುಕು, ಒಗರು ಬಿಗಿ. ಹಣ್ಣಿನ ರುಚಿ ಜಾಮಿನಿಂದ ತಾಜಾ ಹಣ್ಣಿನತ್ತ ಸರಿಯುತ್ತದೆ. ಹಲವು ವರ್ಷ ಇಟ್ಟು ಕುಡಿಯಬಹುದಾದ ವೈನ್‌ಗಳು ಹೆಚ್ಚಾಗಿ ಈ ಮಟ್ಟದಿಂದ ಬರುತ್ತವೆ. ಇದೇ ಕಣಿವೆಯ ಒಳಗೂ ಸಾಮ್ಯವಿಲ್ಲ. ಸುಣ್ಣಗಲ್ಲಿನ ನೆಲದ ಪಕ್ಕದಲ್ಲೇ ಆಳವಾದ ಮರಳಿನ ತುಂಡು ಬಂದರೆ, ಎರಡರ ವೈನ್‌ಗಳೂ ಬೇರೆಯಾಗಿಯೇ ತೋರುತ್ತವೆ. 1999ರ ಕಾನೂನಿನಡಿ ಭೌಗೋಳಿಕ ಸೂಚಕಗಳಿಗೆ ಅವಕಾಶವಾದ ಮೇಲೆ, ಪರಾಹೆ ಆಲ್ಟಮೀರಾದಂಥ ಸಣ್ಣ ಪ್ರದೇಶಗಳು ಮಣ್ಣಿನ ಅಧ್ಯಯನದ ಆಧಾರದಲ್ಲಿ ತಮ್ಮ ಹೆಸರನ್ನು ಸೀಸೆಯ ಮೇಲೆ ಪಡೆದವು.

ಅಕ್ಷಾಂಶದ ಪಾತ್ರ

ಎತ್ತರದ ಅಂಕಿಯನ್ನು ಅಕ್ಷಾಂಶದ ಜೊತೆಗೇ ಓದಬೇಕು. ಅರ್ಜೆಂಟೀನಾದ ಉತ್ತರದ ಸಾಲ್ಟಾ ಪ್ರಾಂತ್ಯದ ಕಫಾಯಾತೆ ಸುಮಾರು 26 ಡಿಗ್ರಿ ಅಕ್ಷಾಂಶದಲ್ಲಿ, 1,700 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮೇಲಕ್ಕೆ ಕೊಲೋಮೆ ಸಂಸ್ಥೆಯ ಆಲ್ತುರಾ ಮಾಕ್ಸಿಮಾ ತೋಟ 3,111 ಮೀಟರ್‌ನಲ್ಲಿದೆ. ಮೆಂಡೋಜಾದ ಲೆಕ್ಕ ಹಿಡಿದರೆ ಇಲ್ಲಿ ದ್ರಾಕ್ಷಿ ಮಾಗಲೇಬಾರದು. ಸಮಭಾಜಕ ವೃತ್ತಕ್ಕೆ ಹತ್ತಿರವಿರುವುದರಿಂದ ಮಾಗುತ್ತದೆ. ಸಾಲ್ಟಾದ ಮಾಲ್ಬೆಕ್ ಕಡುಕಪ್ಪು, ದಟ್ಟ, ಖಾರದ ಛಾಯೆಯದು, ಮದ್ಯಾಂಶವೂ ಹೆಚ್ಚು. ದಕ್ಷಿಣದ ಪಟಗೋನಿಯಾದ ರಿಯೊ ನೀಗ್ರೊ ಇದಕ್ಕೆ ವಿರುದ್ಧ. ಅದು 39 ಡಿಗ್ರಿ ಅಕ್ಷಾಂಶದಲ್ಲಿ, 400 ಮೀಟರ್‌ಗೂ ಕಡಿಮೆ ಎತ್ತರದಲ್ಲಿದ್ದು, ಅಲ್ಲಿ ಎತ್ತರ ಕೊಡದ ತಂಪನ್ನು ಅಕ್ಷಾಂಶವೇ ಕೊಡುತ್ತದೆ.

ಇತರ ಪ್ರದೇಶಗಳು

ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಉತ್ತರದ ಇಳಿಜಾರಿನಲ್ಲಿ 600ರಿಂದ 1,000 ಮೀಟರ್‌ವರೆಗೆ ಬೆಳೆಯುವ ನೆರೆಲ್ಲೊ ಮಸ್ಕಲೇಸೆ ತಳಿಯ ವೈನ್ ಬಣ್ಣದಲ್ಲಿ ತೆಳು, ಒಗರಿನಲ್ಲಿ ಗಟ್ಟಿ. ಎತ್ತರದ ಕೆಂಪು ವೈನ್ ಕಡುಬಣ್ಣದ್ದೇ ಆಗಬೇಕೆಂದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ತಳಿಯ ಶಕ್ತಿಯನ್ನು ಎತ್ತರ ಹೆಚ್ಚು ಕಡಿಮೆ ಮಾಡಬಲ್ಲದೇ ಹೊರತು ಇಲ್ಲದ ಗುಣವನ್ನು ತರಲಾರದು. ಸ್ಪೇನಿನ ರಿಬೇರಾ ದೆಲ್ ದುಯೆರೊ 750ರಿಂದ 1,000 ಮೀಟರ್‌ನ ಪ್ರಸ್ಥಭೂಮಿ. ಬೇಸಿಗೆಯ ಹಗಲು ಉರಿ, ರಾತ್ರಿ ಚಳಿ. ಅಲ್ಲಿನ ಟೆಂಪ್ರಾನಿಯೊ ತಳಿಯ ವೈನ್ ರಿಯೋಹಾ ಪ್ರದೇಶದ್ದಕ್ಕಿಂತ ಗಾಢವಾಗಿ, ಬಿಗಿಯಾಗಿ ಬರುತ್ತದೆ. ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಶಿರಾಜ್‌ಗೂ ಅದರ ಪಕ್ಕದ ಎತ್ತರದ ಈಡನ್ ಕಣಿವೆಯ ಶಿರಾಜ್‌ಗೂ ಎತ್ತರದಿಂದಾಗಿ ವ್ಯತ್ಯಾಸ ಕಾಣುತ್ತದೆ.

ನಿಯಮ ಮುರಿಯುವ ಕಡೆಯೂ ಇದೆ. ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಹೊವೆಲ್ ಮೌಂಟನ್ ಪ್ರದೇಶದ ತೋಟಗಳು ಸುಮಾರು 430 ಮೀಟರ್‌ಗಿಂತ ಮೇಲೆ, ಕಣಿವೆಯ ಮಂಜಿನ ಪದರವನ್ನು ದಾಟಿ ನಿಂತಿವೆ. ಬೆಳಗ್ಗೆ ಕಣಿವೆ ಮಂಜಿನಲ್ಲಿ ತಣ್ಣಗಿದ್ದಾಗ ಬೆಟ್ಟಕ್ಕೆ ಬಿಸಿಲು. ರಾತ್ರಿಯೂ ಬೆಟ್ಟವೇ ಬೆಚ್ಚಗಿರುತ್ತದೆ. ಅಲ್ಲಿನ ಕ್ಯಾಬರ್ನೆಯ ಗಡಸು ಒಗರಿಗೆ ಚಳಿಗಿಂತ ಬಡ ಮಣ್ಣು ಮತ್ತು ಸಣ್ಣ ಹಣ್ಣೇ ಮುಖ್ಯ ಕಾರಣ.

ಕರ್ನಾಟಕದ ನಂದಿಬೆಟ್ಟದ ಸುತ್ತಲಿನ ತೋಟಗಳು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸುಮಾರು 900 ಮೀಟರ್‌ನಲ್ಲಿವೆ. ಉಷ್ಣವಲಯದ ಈ ನೆಲಕ್ಕೆ ವೈನ್ ದ್ರಾಕ್ಷಿ ಒಗ್ಗಿದ್ದರಲ್ಲಿ ಎತ್ತರದ ಪಾತ್ರ ದೊಡ್ಡದು. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ಅದನ್ನು ಕತ್ತರಿಯಿಂದ ಹತೋಟಿಗೆ ತರುತ್ತಾರೆ. ವಿಜಯಪುರ, ಬಾಗಲಕೋಟೆಯ ರೈತರು ಚಾಟ್ನಿ ಎನ್ನುವ ಸವರುವಿಕೆ ವರ್ಷಕ್ಕೆ ಎರಡು ಸಲ: ಬೇಸಿಗೆಯದು ಕಡ್ಡಿ ಬೆಳೆಸಲು, ಮಳೆಗಾಲ ಮುಗಿಯುವಾಗಿನದು ಹಣ್ಣು ಹಿಡಿಸಲು. ಇದರಿಂದ ಹಣ್ಣು ಮಾಗುವುದು ಮಳೆಯಿಲ್ಲದ, ರಾತ್ರಿ ತಂಪಿರುವ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳಿಗೆ ಸರಿಯಾಗಿ ಬೀಳುತ್ತದೆ. ಮೆಂಡೋಜಾದಲ್ಲಿ ಬೆಳೆಗಾರ ತಂಪನ್ನು ಬೆಟ್ಟದ ಮೇಲೆ ಹುಡುಕಿದರೆ, ಇಲ್ಲಿ ಬೆಟ್ಟದ ಮೇಲೂ ಪಂಚಾಂಗದಲ್ಲೂ ಹುಡುಕಬೇಕು. ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಕನ್ವಲ್ ಗ್ರೋವರ್ ಸ್ಥಾಪಿಸಿದ ಗ್ರೋವರ್ ವೈನ್ಯಾರ್ಡ್ಸ್ ಈ ಪ್ರದೇಶದ ಕೆಂಪು ವೈನಿಗೆ ಹೆಸರು ತಂದಿತು. ಅದಕ್ಕೆ ಸಲಹೆ ನೀಡಿದ ಬೋರ್ಡೋದ ತಜ್ಞ ಮಿಶೆಲ್ ರೋಲಾಂ, ಊಕೊ ಕಣಿವೆಯಲ್ಲಿ ಕ್ಲೋ ದೆ ಲೋಸ್ ಸಿಯೇತೆ ತೋಟವನ್ನು ಕಟ್ಟಿದವರೂ ಹೌದು. ವಿಜಯಪುರ, ಬಾಗಲಕೋಟೆ ಸೇರಿದ ಕೃಷ್ಣಾ ಕಣಿವೆಯ ತೋಟಗಳು ನಂದಿಗಿಂತ ತಗ್ಗಿನಲ್ಲಿ, ಹೆಚ್ಚು ಬಿಸಿಯಲ್ಲಿವೆ. ಅಲ್ಲಿನ ಬೆಳೆಯ ಬಹುಪಾಲು ತಿನ್ನುವ ಹಣ್ಣಿಗೆ ಮತ್ತು ಒಣದ್ರಾಕ್ಷಿಗೆ ಹೋಗುತ್ತದೆ.

ತಯಾರಿಕೆಯಲ್ಲಿ ಹೊಂದಾಣಿಕೆ

ಎತ್ತರದ ದ್ರಾಕ್ಷಿಯ ಸಿಪ್ಪೆಯಲ್ಲಿ ಬಣ್ಣ, ಟ್ಯಾನಿನ್ ಧಾರಾಳವಾಗಿರುವುದರಿಂದ ಅವುಗಳನ್ನು ಬಲವಂತವಾಗಿ ಹಿಂಡಬೇಕಿಲ್ಲ. ಹೆಚ್ಚು ಹಿಂಡಿದರೆ ವೈನ್ ಗಡಸಾಗುತ್ತದೆ. 1990 ಮತ್ತು 2000ದ ದಶಕಗಳಲ್ಲಿ ಮೆಂಡೋಜಾದಲ್ಲಿ ತಡವಾಗಿ ಕೊಯ್ದು, ಹೊಸ ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಇಟ್ಟು, ಸಿಹಿ ಛಾಯೆಯ ಭಾರವಾದ ವೈನ್ ಮಾಡುವುದು ರೂಢಿಯಾಗಿತ್ತು. ಅಷ್ಟು ಓಕ್ ಹಾಕಿದರೆ ಗ್ವಾಲ್ಟಾಯಾರಿಗೂ ಅಗ್ರೆಲೊಗೂ ವ್ಯತ್ಯಾಸ ತಿಳಿಯುವುದಿಲ್ಲ. ಬಳಿಕ ಹಲವರು ಮುಂಚಿತವಾಗಿ ಕೊಯ್ದು, ಕೆಲವು ಗೊಂಚಲುಗಳನ್ನು ತೊಟ್ಟಿನ ಸಮೇತ ಹುದುಗಿಸಿ, ಹಳೆಯ ದೊಡ್ಡ ಪೀಪಾಯಿಗಳಿಗೂ ಒಳಲೇಪನವಿಲ್ಲದ ಕಾಂಕ್ರೀಟ್ ತೊಟ್ಟಿಗಳಿಗೂ ಮರಳಿದರು. ಜುಕಾರ್ದಿ ಕುಟುಂಬ 2016ರಲ್ಲಿ ಪರಾಹೆ ಆಲ್ಟಮೀರಾದಲ್ಲಿ ತೆರೆದ ವೈನ್ ತಯಾರಿಕಾ ಘಟಕದ ಹುದುಗು ತೊಟ್ಟಿಗಳು ಕಾಂಕ್ರೀಟಿನವು.

ಇಂದಿನ ಸ್ಥಿತಿ

ಇಂದು ಅರ್ಜೆಂಟೀನಾದಲ್ಲಿ ಮಾಲ್ಬೆಕ್ 40,000 ಹೆಕ್ಟೇರ್‌ಗೂ ಹೆಚ್ಚು ನೆಲದಲ್ಲಿದೆ. ದೇಶದ ಒಟ್ಟು ದ್ರಾಕ್ಷಿತೋಟದ ಸುಮಾರು 70 ಶೇಕಡಾ ಮೆಂಡೋಜಾದಲ್ಲೇ ಇದೆ. ಭೂಮಿ ಬಿಸಿಯಾಗುತ್ತಿದ್ದಂತೆ ತೋಟಗಳು ಮೇಲೇರುವುದು ಹಲವು ದೇಶಗಳಲ್ಲಿ ಕಾಣುತ್ತಿದೆ. ಸ್ಪೇನಿನ ತೊರೆಸ್ ಕುಟುಂಬ ಪಿರನೀಸ್ ತಪ್ಪಲಿನ ತ್ರೆಂಪ್‌ನಲ್ಲಿ ಸುಮಾರು 950 ಮೀಟರ್ ಎತ್ತರದಲ್ಲಿ ಬಳ್ಳಿ ನೆಟ್ಟಿದೆ. ಟಿಬೆಟ್‌ನಲ್ಲಿ 3,500 ಮೀಟರ್‌ಗೂ ಮೇಲೆ ತೋಟಗಳಿವೆ.

ಮೆಂಡೋಜಾದಲ್ಲಿ ಈ ಏರಿಕೆಗೆ ಮಿತಿ ಹಾಕುತ್ತಿರುವುದು ನೀರು. ಹಳೆಯ ಕಾಲುವೆಗಳು ಊಕೊ ಕಣಿವೆಯ ಮೇಲ್ಭಾಗವನ್ನು ಮುಟ್ಟುವುದಿಲ್ಲ. ಅಲ್ಲಿನ ಹೊಸ ತೋಟಗಳು ಕೊಳವೆಬಾವಿ ಮತ್ತು ಹನಿ ನೀರಾವರಿಯನ್ನು ನಂಬಿವೆ. ಅಂತರ್ಜಲಕ್ಕೂ ಮೂಲ ಅದೇ ಆಂಡೀಸ್ ಹಿಮ. 2010ರಿಂದೀಚೆಗೆ ಮಧ್ಯ ಆಂಡೀಸ್‌ನಲ್ಲಿ ಹಿಮ ಕಡಿಮೆ ಬೀಳುವ ವರ್ಷಗಳು ಸಾಲುಗಟ್ಟಿದವು, ಹಿಮನದಿಗಳು ಕುಗ್ಗುತ್ತಿವೆ. ಹಾಯಿಸುವ ಪದ್ಧತಿಯಿಂದ ಹನಿ ನೀರಾವರಿಗೆ ಬದಲಾಗುವುದು, ಬರ ತಡೆಯುವ ಬೇರುಕಾಂಡಗಳ ಮೇಲೆ ಕಸಿ ಕಟ್ಟುವುದು, ಹಳೆಯ ತೋಟಗಳಿಂದ ಮಾಲ್ಬೆಕ್‌ನ ಬೇರೆ ಬೇರೆ ಬಳ್ಳಿಗಳನ್ನು ಆರಿಸಿ ವೃದ್ಧಿಸುವುದು ಇವು ಈಗ ನಡೆಯುತ್ತಿರುವ ಕೆಲಸಗಳು.